ಅಂಕೀಯ ಯುಗದಲ್ಲಿ ಕೃತಿಸ್ವಾಮ್ಯ ಮತ್ತು ಸ್ವತಂತ್ರ ಮಾಧ್ಯಮ: ಕನ್ನಡದ ಸಂದರ್ಭದಲ್ಲಿ ಒಂದು ವಿವೇಚನೆ

೧. ಪ್ರವೇಶ

ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಕಲ್ಲಚ್ಚಿನಲ್ಲಿ ಮುದ್ರಿತವಾಗಿ ಹೊರಬಂದುದು ೧೮೪೩ರ ಜುಲೈ ೧ರಂದು. ಭಾರತದಲ್ಲಿ ಕೃತಿಸ್ವಾಮ್ಯವನ್ನು ಕುರಿತ ಮೊದಲ ಕಾಯಿದೆಯನ್ನು ಈಸ್ಟ್ ಇಂಡಿಯಾ ಕಂಪನಿಯ ಸರ್ಕಾರ ಜಾರಿಗೆ ತಂದದ್ದು ೧೮೪೭ರಲ್ಲಿ. ಈ ಎರಡು ಘಟನೆಗಳಿಗೂ ನೇರ ಸಂಬಂಧವಿಲ್ಲದಿದ್ದರೂ ಅವುಗಳ ನಡುವಣ ಅಂತರ ಕೇವಲ ನಾಲ್ಕು ವರ್ಷಗಳೆಂಬುದು ಗಮನಾರ್ಹ. ಅಚ್ಚಿನ ಯಂತ್ರವು ಒಂದು ಬರಹವನ್ನು ನೂರಾರು ಪ್ರತಿಗಳಾಗಿಸಬಲ್ಲುದು ಎಂದಾದ ಮೇಲೆ, ಪ್ರತಿ ಮಾಡುವ ಅಧಿಕಾರ ಯಾರದು ಎಂಬ ಪ್ರಶ್ನೆ ಏಳಲೇಬೇಕು. ಓಲೆಗರಿಯ ಕಾಲದಲ್ಲಿ ಆ ಪ್ರಶ್ನೆ ಇರಲಿಲ್ಲ. ಲಿಪಿಕಾರನು ಪ್ರತಿ ಮಾಡುವುದು ಕೃತಿಯನ್ನು ಉಳಿಸುವ ಪುಣ್ಯಕಾರ್ಯವಾಗಿತ್ತು. ಪ್ರತಿಯಾಗದ ಕಾವ್ಯ ಅಳಿದುಹೋಗುತ್ತಿತ್ತು.

ಇಂದು ನಾವು ಮೂರನೆಯ ಘಟ್ಟದಲ್ಲಿ ನಿಂತಿದ್ದೇವೆ. ಗಣಕಯಂತ್ರ ಮತ್ತು ಅಂತರಜಾಲದ ವ್ಯವಸ್ಥೆಯಲ್ಲಿ ಒಂದು ಬರಹವನ್ನು ಓದುವುದೆಂದರೆ ಅದನ್ನು ಪ್ರತಿ ಮಾಡಿಕೊಳ್ಳುವುದೆಂದೇ ಅರ್ಥ. ಓದುಗನ ಪರದೆಯ ಮೇಲೆ ಕಾಣುವ ಪ್ರತಿಯೊಂದು ಪುಟವೂ ಎಲ್ಲೋ ಇರುವ ಮೂಲದ ನಕಲು. ಹೀಗಾಗಿ ಮುದ್ರಕರನ್ನೂ ಪ್ರಕಾಶಕರನ್ನೂ ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡ ಕಾನೂನು ಈಗ ಓದುಗ, ವಿದ್ಯಾರ್ಥಿ, ಸಂಶೋಧಕ, ಸಣ್ಣ ಪತ್ರಿಕೆಯ ಸಂಪಾದಕ, ಕೈಯಲ್ಲೊಂದು ಕ್ಯಾಮೆರಾ ಹಿಡಿದು ಊರಿನ ಸುದ್ದಿಯನ್ನು ಬಿತ್ತರಿಸುವ ತರುಣ ಇವರೆಲ್ಲರ ಬಾಗಿಲಿಗೂ ಬಂದು ನಿಂತಿದೆ.

ಈ ಕಾನೂನಿನ ಮುಖ್ಯ ರೇಖೆಗಳನ್ನು ಕನ್ನಡದ ನಿದರ್ಶನಗಳ ಮೂಲಕ ವಿವರಿಸುವುದು, ಅದು ಸ್ವತಂತ್ರ ಮಾಧ್ಯಮಕ್ಕೆ ಎಲ್ಲಿ ಆಸರೆ, ಎಲ್ಲಿ ತೊಡಕು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ‘ಸ್ವತಂತ್ರ ಮಾಧ್ಯಮ’ ಎಂಬ ಮಾತನ್ನು ಇಲ್ಲಿ ದೊಡ್ಡ ಬಂಡವಾಳದ ಅಥವಾ ಸರ್ಕಾರದ ಆಶ್ರಯವಿಲ್ಲದೆ ನಡೆಯುವ ಸಾಹಿತ್ಯ ಪತ್ರಿಕೆ, ವಿಚಾರ ಪತ್ರಿಕೆ, ಜಾಲಪತ್ರಿಕೆ ಮತ್ತು ದೃಶ್ಯವಾಹಿನಿಗಳಿಗೆ ಒಟ್ಟಾಗಿ ಬಳಸಲಾಗಿದೆ.

೨. ಕಾನೂನಿನ ಸ್ವರೂಪ ಮತ್ತು ಅವಧಿ

ಈಗ ಜಾರಿಯಲ್ಲಿರುವುದು ೧೯೫೭ರ ಕೃತಿಸ್ವಾಮ್ಯ ಅಧಿನಿಯಮ. ಅದು ೧೯೫೮ರ ಜನವರಿ ೨೧ರಿಂದ ಆಚರಣೆಗೆ ಬಂದಿತು. ಅದಕ್ಕೂ ಹಿಂದೆ ಇದ್ದುದು ಬ್ರಿಟನ್ನಿನ ೧೯೧೧ರ ಕಾನೂನನ್ನು ಅನುಸರಿಸಿದ ೧೯೧೪ರ ಕಾಯಿದೆ. ೧೯೫೭ರ ಅಧಿನಿಯಮ ಹಲವು ಬಾರಿ ತಿದ್ದುಪಡಿಯಾಗಿದೆ. ಅವುಗಳಲ್ಲಿ ನಮ್ಮ ವಿಷಯಕ್ಕೆ ಅತಿ ಮುಖ್ಯವಾದುದು ೨೦೧೨ರ ತಿದ್ದುಪಡಿ.

ಈ ಕಾನೂನಿನ ತಳಹದಿಯಾಗಿ ಮೂರು ತತ್ತ್ವಗಳಿವೆ. ಮೊದಲನೆಯದಾಗಿ, ವಿಚಾರಕ್ಕೆ ಸ್ವಾಮ್ಯವಿಲ್ಲ, ಅಭಿವ್ಯಕ್ತಿಗೆ ಮಾತ್ರ ಸ್ವಾಮ್ಯವುಂಟು. ಮಲಪ್ರಭೆಯಲ್ಲಿ ಪ್ರವಾಹ ಬಂದಿತೆಂಬ ಸಂಗತಿ ಯಾರೊಬ್ಬರ ಸ್ವತ್ತೂ ಅಲ್ಲ. ಅದನ್ನು ಒಬ್ಬ ವರದಿಗಾರ ಬರೆದ ವಾಕ್ಯಗಳು, ತೆಗೆದ ಛಾಯಾಚಿತ್ರ ಮಾತ್ರ ಸ್ವತ್ತು. ಎರಡನೆಯದಾಗಿ, ಸ್ವಾಮ್ಯ ದೊರೆಯುವುದಕ್ಕೆ ನೋಂದಣಿ ಅಗತ್ಯವಿಲ್ಲ. ಕೃತಿ ರಚನೆಯಾದೊಡನೆ ಅದು ತಾನಾಗಿ ಹುಟ್ಟುತ್ತದೆ. ‘ಎಲ್ಲ ಹಕ್ಕುಗಳನ್ನು ಕಾದಿರಿಸಲಾಗಿದೆ’ ಎಂಬ ಸಾಲು ಪುಸ್ತಕದಲ್ಲಿ ಇಲ್ಲದಿದ್ದ ಮಾತ್ರಕ್ಕೆ ಹಕ್ಕುಗಳು ಇಲ್ಲವಾಗುವುದಿಲ್ಲ. ಮೂರನೆಯದಾಗಿ, ಈ ಸ್ವಾಮ್ಯ ಶಾಶ್ವತವಲ್ಲ. ಲೇಖಕನ ಜೀವಿತಾವಧಿ ಮತ್ತು ಆತ ತೀರಿಕೊಂಡ ವರ್ಷದ ಮರುವರ್ಷದ ಜನವರಿಯಿಂದ ಎಣಿಸಿ ಅರುವತ್ತು ವರ್ಷ ಕಳೆದ ಮೇಲೆ ಕೃತಿಯು ಸಾರ್ವಜನಿಕರ ಪಾಲಾಗುತ್ತದೆ.

ಈ ಅರುವತ್ತು ವರ್ಷದ ಹಿಂದೆ ಒಂದು ಕಥೆಯಿದೆ. ೧೯೫೭ರ ಅಧಿನಿಯಮದಲ್ಲಿ ಇದ್ದ ಅವಧಿ ಐವತ್ತು ವರ್ಷ. ರವೀಂದ್ರನಾಥ ಠಾಕೂರರು ೧೯೪೧ರಲ್ಲಿ ನಿಧನರಾದ್ದರಿಂದ ಅವರ ಕೃತಿಗಳ ಸ್ವಾಮ್ಯ ೧೯೯೧ರ ಡಿಸೆಂಬರ್ ೩೧ಕ್ಕೆ ಮುಗಿಯಬೇಕಾಗಿತ್ತು. ಅದಕ್ಕೆ ಮೂರು ದಿನ ಮೊದಲು ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ಅವಧಿಯನ್ನು ಹತ್ತು ವರ್ಷ ಹೆಚ್ಚಿಸಿತು. ೧೯೯೨ರಲ್ಲಿ ಅದು ಕಾಯಿದೆಯಾಯಿತು. ಬಂಗಾಳದ ಒಬ್ಬ ಮಹಾಕವಿಯ ನಿಮಿತ್ತ ಆದ ಈ ಬದಲಾವಣೆ ಕನ್ನಡವನ್ನೂ ಮುಟ್ಟಿತು. ತಮ್ಮ ಕಾದಂಬರಿಗಳನ್ನು ತಾವೇ ಅಚ್ಚು ಮಾಡಿಸಿ, ತಾವೇ ಹೊತ್ತು ಊರೂರು ತಿರುಗಿ ಮಾರಿದ ಗಳಗನಾಥರು ಕನ್ನಡದ ಸ್ವತಂತ್ರ ಪ್ರಕಾಶನದ ಮೂಲಪುರುಷರಲ್ಲೊಬ್ಬರು. ಅವರು ತೀರಿಕೊಂಡದ್ದು ೧೯೪೨ರಲ್ಲಿ. ಹಳೆಯ ಲೆಕ್ಕದಂತೆ ೧೯೯೩ರ ಆರಂಭಕ್ಕೆ ಮುಕ್ತವಾಗಬೇಕಾಗಿದ್ದ ಅವರ ಕೃತಿಗಳು ೨೦೦೩ರವರೆಗೆ ಕಾಯಬೇಕಾಯಿತು.

ಕನ್ನಡದ ಇತರ ಹಿರಿಯರನ್ನು ಈ ಲೆಕ್ಕಕ್ಕೆ ಒಡ್ಡಿ ನೋಡುವುದು ವಿದ್ಯಾರ್ಥಿಗಳಿಗೆ ಉಪಯುಕ್ತ. ೧೯೪೬ರಲ್ಲಿ ನಿಧನರಾದ ಬಿ.ಎಂ.ಶ್ರೀ. ಮತ್ತು ಕೈಲಾಸಂ ಅವರ ಕೃತಿಗಳು ೨೦೦೭ರಿಂದ ಮುಕ್ತ. ಮಂಜೇಶ್ವರದ ಗೋವಿಂದ ಪೈಗಳು ನಿಧನರಾದದ್ದು ೧೯೬೩ರಲ್ಲಿ. ಅವರ ಕವಿತೆಗಳೂ ಸಂಶೋಧನ ಲೇಖನಗಳೂ ೨೦೨೪ರ ಜನವರಿ ೧ರಿಂದ ಎಲ್ಲರ ಸ್ವತ್ತು. ಮರುವರ್ಷ ಆಲೂರು ವೆಂಕಟರಾಯರ ಬರಹಗಳು ಆ ಸಾಲಿಗೆ ಸೇರಿದವು. ಆದರೆ ಡಿ.ವಿ.ಜಿ. ಅವರ ಕೃತಿಗಳ ಸ್ವಾಮ್ಯ ೨೦೩೫ರ ಕೊನೆಯವರೆಗೆ, ಬೇಂದ್ರೆಯವರದು ೨೦೪೧, ಮಾಸ್ತಿಯವರದು ೨೦೪೬, ಕುವೆಂಪು ಅವರದು ೨೦೫೪, ಲಂಕೇಶರದು ೨೦೬೦ರ ಕೊನೆಯವರೆಗೆ ಉಳಿದಿರುತ್ತದೆ. ಅಂದರೆ ನವೋದಯದ ಬಹುಭಾಗ ಮತ್ತು ನವ್ಯದ ಬಹುತೇಕ ಎಲ್ಲವೂ ಈಗಲೂ ಸ್ವಾಮ್ಯಕ್ಕೆ ಒಳಪಟ್ಟಿದೆ. ಅಂತರಜಾಲದಲ್ಲಿ ಎಲ್ಲೆಡೆ ಕಾಣಸಿಗುತ್ತದೆ ಎಂಬುದು ಕೃತಿಯೊಂದು ಮುಕ್ತವಾಗಿದೆ ಎಂಬುದಕ್ಕೆ ಪ್ರಮಾಣವಲ್ಲ.

ಪ್ರಾಚೀನ ಸಾಹಿತ್ಯದ ವಿಷಯದಲ್ಲಿ ಬೇರೊಂದು ಸೂಕ್ಷ್ಮವಿದೆ. ಪಂಪ, ರನ್ನರ ಕಾವ್ಯಕ್ಕಾಗಲಿ ಶರಣರ ವಚನಗಳಿಗಾಗಲಿ ಸ್ವಾಮ್ಯವಿಲ್ಲ. ಆದರೆ ಸಂಪಾದಕರು ಬರೆದ ಪೀಠಿಕೆ, ಟಿಪ್ಪಣಿ, ಗದ್ಯಾನುವಾದಗಳಿಗೆ ಉಂಟು. ಸಂಪಾದನೆಯ ಶ್ರಮ ಮಾತ್ರವೇ ಸ್ವಾಮ್ಯವನ್ನು ಕೊಡುತ್ತದೆಯೇ ಎಂಬ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯ ೨೦೦೭ರ ಡಿಸೆಂಬರಿನಲ್ಲಿ ತೀರ್ಮಾನಿಸಿದ ಈಸ್ಟರ್ನ್ ಬುಕ್ ಕಂಪನಿಯ ಪ್ರಕರಣದಲ್ಲಿ ಪರಿಶೀಲಿಸಿತು. ಅಲ್ಲಿ ವಿವಾದಕ್ಕೆ ಒಳಗಾದುದು ನ್ಯಾಯಾಲಯದ ತೀರ್ಪುಗಳನ್ನು ತಿದ್ದಿ, ಕಂಡಿಕೆಗಳಾಗಿ ವಿಂಗಡಿಸಿ ಪ್ರಕಟಿಸಿದ ಸಂಪುಟಗಳು. ಬರಿಯ ಶ್ರಮವಾಗಲಿ ಬಂಡವಾಳವಾಗಲಿ ಸಾಲದು, ಕೌಶಲ ಮತ್ತು ವಿವೇಚನೆಯ ಕನಿಷ್ಠ ಸೃಜನಾಂಶವಾದರೂ ಇರಬೇಕು ಎಂಬುದು ಅದರ ನಿರ್ಣಯ. ಗ್ರಂಥಸಂಪಾದನೆಯ ವಿದ್ಯಾರ್ಥಿ ಇದರಿಂದ ಊಹಿಸಬಹುದು: ಒಂದು ಹಸ್ತಪ್ರತಿಯನ್ನು ಇದ್ದಂತೆ ಅಚ್ಚು ಮಾಡುವುದು ಬೇರೆ, ಹಲವು ಪ್ರತಿಗಳನ್ನು ತೂಗಿ ನೋಡಿ ಪಾಠವನ್ನು ನಿರ್ಣಯಿಸುವುದು ಬೇರೆ.

೩. ಕಾರಂತರ ಯಕ್ಷಗಾನ: ಒಂದು ಮುಖ್ಯ ತೀರ್ಪು

ಕನ್ನಡದ ಸಂಸ್ಕೃತಿಯೊಡನೆ ನೇರವಾಗಿ ತೊಡಗಿದ ಕೃತಿಸ್ವಾಮ್ಯದ ವ್ಯಾಜ್ಯಗಳಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಮತ್ತು ಬಿ. ಮಾಲಿನಿ ಮಲ್ಯ ಅವರ ನಡುವಣ ಪ್ರಕರಣ ಅಗ್ರಗಣ್ಯವಾದುದು. ಶಿವರಾಮ ಕಾರಂತರು ಸಾಂಪ್ರದಾಯಿಕ ಯಕ್ಷಗಾನದ ರಾಗ, ಹೆಜ್ಜೆ, ವೇಷಭೂಷಣ, ರಂಗವಿನ್ಯಾಸಗಳನ್ನು ಪರಿಷ್ಕರಿಸಿ ‘ಯಕ್ಷಗಾನ ಬ್ಯಾಲೆ’ ಎಂಬ ಹೊಸ ರೂಪವನ್ನು ಕಟ್ಟಿದ್ದು ಸರ್ವವಿದಿತ. ೧೯೯೪ರಲ್ಲಿ ಅವರು ಬರೆದ ಉಯಿಲು ಅವರ ಕೃತಿಗಳ ಸ್ವಾಮ್ಯವನ್ನು ಮಾಲಿನಿ ಮಲ್ಯ ಅವರಿಗೆ ನೀಡಿತ್ತು. ೧೯೯೭ರ ಡಿಸೆಂಬರ್ ೯ರಂದು ಕಾರಂತರು ನಿಧನರಾದರು. ೨೦೦೧ರ ಸೆಪ್ಟೆಂಬರಿನಲ್ಲಿ ಅಕಾಡೆಮಿಯ ಪರವಾಗಿ ನವದೆಹಲಿಯಲ್ಲಿ ‘ಅಭಿಮನ್ಯು ವಧೆ’ಯ ಪ್ರದರ್ಶನ ನಡೆದಾಗ ಮಾಲಿನಿ ಮಲ್ಯ ಅವರು ಉಡುಪಿಯ ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಏಳು ಪ್ರಸಂಗಗಳ ಸ್ವಾಮ್ಯ ತಮಗೆ ಸೇರಿದ್ದೆಂಬುದು ಅವರ ವಾದ. ಕೇಂದ್ರದ ನಿರ್ದೇಶಕರಾಗಿ ಸಂಸ್ಥೆಯ ನೆರವಿನಿಂದ ಕಾರಂತರು ಈ ಪ್ರಯೋಗಗಳನ್ನು ನಡೆಸಿದರೆಂಬುದು ಪ್ರತಿವಾದ.

ಜಿಲ್ಲಾ ನ್ಯಾಯಾಲಯವೂ ಕರ್ನಾಟಕದ ಉಚ್ಚ ನ್ಯಾಯಾಲಯವೂ ಮಾಲಿನಿ ಮಲ್ಯ ಅವರ ಪರವಾಗಿ ತೀರ್ಪಿತ್ತವು. ೨೦೦೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪಿನಲ್ಲಿ ಎರಡು ಅಂಶಗಳು ನಮ್ಮ ಗಮನಕ್ಕೆ ಅರ್ಹ. ಮೊದಲನೆಯದು ವರ್ಗೀಕರಣದ ಪ್ರಶ್ನೆ. ಉಯಿಲಿನಲ್ಲಿ ‘ಸಾಹಿತ್ಯ ಕೃತಿ’ಗಳ ಮಾತಿದೆ, ನೃತ್ಯಸಂಯೋಜನೆ ಸಾಹಿತ್ಯವೇ? ಕಾನೂನಿನಲ್ಲಿ ಸಾಹಿತ್ಯ ಕೃತಿ ಮತ್ತು ನಾಟಕ ಕೃತಿ ಎರಡು ಪ್ರತ್ಯೇಕ ವರ್ಗಗಳು. ಬ್ಯಾಲೆಯು ನಾಟಕ ಕೃತಿಯ ಪರಿಧಿಗೆ ಬರುತ್ತದೆ. ಆದರೂ ಉಯಿಲಿನಲ್ಲಿ ಉಳಿಕೆ ಆಸ್ತಿಯನ್ನು ಕುರಿತ ಭಾಗದ ಮೂಲಕ ಆ ಹಕ್ಕು ಮಾಲಿನಿ ಮಲ್ಯ ಅವರಿಗೇ ಸೇರುತ್ತದೆ ಎಂದು ನ್ಯಾಯಾಲಯ ಹೇಳಿತು. ಎರಡನೆಯ ಅಂಶ ಇನ್ನೂ ಮುಖ್ಯವಾದುದು. ಕೆಳಗಿನ ನ್ಯಾಯಾಲಯದ ನಿರ್ಬಂಧಕಾಜ್ಞೆ ತೀರ ವಿಶಾಲವಾಗಿತ್ತು. ಶಿಕ್ಷಣಸಂಸ್ಥೆಯ ಚಟುವಟಿಕೆಯ ಅಂಗವಾಗಿ ನಡೆಯುವ ಪ್ರಯೋಗ, ಹವ್ಯಾಸಿಗಳು ಹಣ ತೆರದ ಪ್ರೇಕ್ಷಕರ ಮುಂದೆ ನಡೆಸುವ ಪ್ರಯೋಗ ಇವುಗಳಿಗೆ ಅಧಿನಿಯಮದ ೫೨ನೆಯ ಪ್ರಕರಣ ನೀಡಿರುವ ವಿನಾಯಿತಿ ಆ ಆಜ್ಞೆಯಲ್ಲಿ ಕಾಣದಾಗಿತ್ತು. ಸರ್ವೋಚ್ಚ ನ್ಯಾಯಾಲಯ ಆಜ್ಞೆಯನ್ನು ಆ ಮಟ್ಟಿಗೆ ಮಾರ್ಪಡಿಸಿತು.

ಹಕ್ಕಿನ ಒಡೆತನವನ್ನು ಎತ್ತಿಹಿಡಿದ ನ್ಯಾಯಾಲಯವೇ ಅದರ ಮೇರೆಯನ್ನೂ ನೆನಪಿಸಿದ್ದು ಈ ತೀರ್ಪಿನ ಮಹತ್ತ್ವ. ೫೨ನೆಯ ಪ್ರಕರಣದಲ್ಲಿರುವವು ಒಡೆಯನು ತೋರುವ ಔದಾರ್ಯವಲ್ಲ. ಅವು ಕಾನೂನೇ ಸಮಾಜಕ್ಕೆ ಕಾದಿರಿಸಿದ ಪಾಲು. ಮೇಳದ ಭಾಗವತರಿಂದ ಭಾಗವತರಿಗೆ ಹರಿದುಬಂದ ಯಕ್ಷಗಾನದಂತಹ ಕಲೆಯಲ್ಲಿ ಪರಂಪರೆಯ ಪಾಲೆಷ್ಟು, ಪ್ರತಿಭೆಯ ಪಾಲೆಷ್ಟು ಎಂದು ಬೇರ್ಪಡಿಸುವುದು ಕಠಿಣ. ಇಂದು ರಾತ್ರಿ ಆಡಿದ ಆಟ ನಾಳೆ ಬೆಳಗ್ಗೆ ಜಾಲದಲ್ಲಿ ದೃಶ್ಯವಾಗಿ ಹರಿದಾಡುವಾಗ ಪ್ರಸಂಗಕರ್ತ, ಭಾಗವತ, ವೇಷಧಾರಿ, ಮೇಳದ ಯಜಮಾನ, ಚಿತ್ರೀಕರಿಸಿದವನು ಇವರಲ್ಲಿ ಹಕ್ಕು ಯಾರದು ಎಂಬ ಪ್ರಶ್ನೆಯನ್ನು ಪ್ರತ್ಯೇಕ ಪ್ರತ್ಯೇಕವಾಗಿಯೇ ಬಿಡಿಸಬೇಕಾಗುತ್ತದೆ.

೪. ಪತ್ರಿಕೆ ಮತ್ತು ಲೇಖಕ

ಪತ್ರಿಕೆಯ ಬರಹಗಳ ಒಡೆತನವನ್ನು ೧೭ನೆಯ ಪ್ರಕರಣ ನಿರ್ಧರಿಸುತ್ತದೆ. ಸಂಬಳದ ನೌಕರನಾಗಿ ಪತ್ರಿಕೆಗೆ ಬರೆದವನ ಲೇಖನದ ಸ್ವಾಮ್ಯ, ಬೇರೆ ಒಪ್ಪಂದವಿಲ್ಲದಿದ್ದರೆ, ಪತ್ರಿಕೆಗಳಲ್ಲಿ ಪ್ರಕಟಿಸುವ ಮಟ್ಟಿಗೆ ಮಾಲೀಕನದು. ಉಳಿದೆಲ್ಲ ವಿಷಯಗಳಲ್ಲಿ ಅದು ಬರೆದವನದೇ. ಅಂಕಣವನ್ನು ಪುಸ್ತಕ ಮಾಡುವ ಹಕ್ಕು ಪತ್ರಕರ್ತನಲ್ಲಿ ಉಳಿಯುವುದು ಹೀಗೆ. ನೌಕರನಲ್ಲದ ಹವ್ಯಾಸಿ ಲೇಖಕನ ಸ್ಥಾನ ಇನ್ನೂ ಭದ್ರ. ಬರೆದುಕೊಟ್ಟು ಸಹಿ ಮಾಡದ ಹೊರತು ಆತನ ಸ್ವಾಮ್ಯ ಯಾರಿಗೂ ವರ್ಗವಾಗುವುದಿಲ್ಲ. ವರ್ಗಾವಣೆ ಪತ್ರದಲ್ಲಿ ಅವಧಿಯನ್ನು ಹೇಳದಿದ್ದರೆ ಅದು ಐದು ವರ್ಷಕ್ಕೆ ಸೀಮಿತ. ಪ್ರದೇಶವನ್ನು ಹೇಳದಿದ್ದರೆ ಭಾರತಕ್ಕೆ ಸೀಮಿತ.

ನಮ್ಮ ಸಣ್ಣ ಪತ್ರಿಕೆಗಳ ಪರಂಪರೆಯಲ್ಲಿ ಈ ಪತ್ರವ್ಯವಹಾರ ನಡೆದದ್ದೇ ಅಪರೂಪ. ಸಂಪಾದಕ ಕಾರ್ಡು ಬರೆದು ಲೇಖನ ಕೇಳುವುದು, ಲೇಖಕ ಅಂಚೆಯಲ್ಲಿ ಕಳುಹಿಸುವುದು, ಸಂಚಿಕೆ ಬಂದಾಗ ಒಂದು ಗೌರವಪ್ರತಿ ತಲುಪುವುದು, ಇಷ್ಟೇ ರೂಢಿ. ೧೯೮೦ರಲ್ಲಿ ಪಿ. ಲಂಕೇಶರು ಜಾಹೀರಾತುಗಳನ್ನು ನಿರಾಕರಿಸಿ, ಓದುಗರ ಕಾಸನ್ನೇ ನಂಬಿ ‘ಲಂಕೇಶ್ ಪತ್ರಿಕೆ’ಯನ್ನು ಆರಂಭಿಸಿದಾಗ ಕನ್ನಡದ ಸ್ವತಂತ್ರ ಪತ್ರಿಕೆಗೆ ಹೊಸ ಆರ್ಥಿಕ ಮಾದರಿಯೊಂದು ದೊರೆಯಿತು. ವಿಶ್ವಾಸದ ಮೇಲೆ ನಡೆದ ಸಣ್ಣ ಪತ್ರಿಕೆಗಳ ಲೋಕ ಅಂದಿಗೆ ಸಹಜವಾಗಿತ್ತು. ಆದರೆ ಕಾಗದಪತ್ರವಿಲ್ಲದ ಆ ವಿಶ್ವಾಸವೇ ಇಂದು ಹಳೆಯ ಸಂಚಿಕೆಗಳನ್ನು ಜಾಲಕ್ಕೆ ತರಲು ಹೊರಟವರಿಗೆ ಎದುರಾಗುವ ದೊಡ್ಡ ತೊಡಕು. ಒಂದು ಸಂಚಿಕೆಯಲ್ಲಿ ಹದಿನೈದು ಲೇಖಕರಿದ್ದರೆ ಹದಿನೈದು ಒಡೆಯರು, ಹಲವರು ಈಗಿಲ್ಲ, ಅವರ ವಾರಸುದಾರರು ಎಲ್ಲಿದ್ದಾರೆಂಬುದು ತಿಳಿಯದು.

ಪತ್ರಿಕೆಗೆ ಕೊಟ್ಟ ಅನುಮತಿ ಜಾಲಕ್ಕೂ ಅನ್ವಯಿಸುತ್ತದೆಯೇ? ಅಮೆರಿಕದ ಸರ್ವೋಚ್ಚ ನ್ಯಾಯಾಲಯ ೨೦೦೧ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಮತ್ತು ಟಸೀನಿ ಪ್ರಕರಣದಲ್ಲಿ ಇಲ್ಲವೆಂದಿತು: ಹವ್ಯಾಸಿ ಲೇಖಕರ ಬರಹಗಳನ್ನು ಅವರನ್ನು ಕೇಳದೆ ಗಣಕದ ದತ್ತಸಂಚಯಕ್ಕೆ ಸೇರಿಸಿದ್ದು ಉಲ್ಲಂಘನೆಯೆಂದು ತೀರ್ಮಾನಿಸಿತು. ಭಾರತದಲ್ಲಿ ೨೦೧೨ರ ತಿದ್ದುಪಡಿ ಇದೇ ದಿಕ್ಕಿನಲ್ಲಿ ಸಾಗಿತು. ವರ್ಗಾವಣೆಯ ಕಾಲದಲ್ಲಿ ಇಲ್ಲದ ಅಥವಾ ವಾಣಿಜ್ಯ ಬಳಕೆಗೆ ಬಾರದ ಮಾಧ್ಯಮಕ್ಕೆ, ಒಪ್ಪಂದದಲ್ಲಿ ಅದರ ಹೆಸರನ್ನು ನಿರ್ದಿಷ್ಟವಾಗಿ ಹೇಳದಿದ್ದರೆ, ಆ ವರ್ಗಾವಣೆ ಅನ್ವಯಿಸದು ಎಂಬ ನಿಯಮವನ್ನು ಅದು ಸೇರಿಸಿತು. ಇದು ಲೇಖಕನಿಗೆ ರಕ್ಷೆ. ಸಂಗ್ರಹಾಲಯಕ್ಕೆ ಮಾತ್ರ ಇದು ಹೊಸ ಹೊಣೆ.

ಸ್ವತಂತ್ರ ಪತ್ರಿಕೆಗಳಿಗೆ ಅನುಕೂಲವಾದ, ಆದರೆ ಹೆಚ್ಚು ಪ್ರಚಾರ ಪಡೆಯದ ನಿಯಮವೊಂದನ್ನು ಇಲ್ಲಿ ಸ್ಮರಿಸಬಹುದು. ಪ್ರಚಲಿತ ಆರ್ಥಿಕ, ರಾಜಕೀಯ, ಸಾಮಾಜಿಕ ಅಥವಾ ಧಾರ್ಮಿಕ ವಿಷಯವನ್ನು ಕುರಿತ ಲೇಖನವನ್ನು ಮತ್ತೊಂದು ಪತ್ರಿಕೆ ಮರುಮುದ್ರಿಸುವುದು, ಲೇಖಕನು ಆ ಹಕ್ಕನ್ನು ಸ್ಪಷ್ಟವಾಗಿ ಕಾದಿರಿಸಿಕೊಂಡಿರದಿದ್ದರೆ, ಉಲ್ಲಂಘನೆಯಾಗದು. ಚರ್ಚೆ ಒಂದು ಪತ್ರಿಕೆಯಿಂದ ಇನ್ನೊಂದಕ್ಕೆ ಹರಿಯಬೇಕೆಂಬ ಪ್ರಜಾಸತ್ತೆಯ ಆಶಯ ಇದರಲ್ಲಿದೆ. ನಿಯಮದ ಪದಗಳು ‘ವೃತ್ತಪತ್ರಿಕೆ, ಮಾಸಪತ್ರಿಕೆ ಅಥವಾ ನಿಯತಕಾಲಿಕೆ’ ಎಂದಷ್ಟೇ ಇವೆ. ಜಾಲಪತ್ರಿಕೆಯ ಹೆಸರನ್ನು ಅವು ಎತ್ತುವುದಿಲ್ಲ. ಅದನ್ನೂ ನಿಯತಕಾಲಿಕೆಯೆಂದು ಪರಿಗಣಿಸುವುದೇ ನಿಯಮದ ಉದ್ದೇಶಕ್ಕೆ ಹೊಂದುವ ವ್ಯಾಖ್ಯಾನ.

೫. ರಕ್ಷೆಯೇ ಶಿಕ್ಷೆಯಾದಾಗ

ಟೀಕೆಗೆ ಗುರಿಯಾದವರು ಟೀಕಾಕಾರನ ಬಾಯಿ ಮುಚ್ಚಿಸಲು ಕೃತಿಸ್ವಾಮ್ಯವನ್ನು ಸಾಧನವಾಗಿ ಬಳಸಬಹುದೆಂಬ ಅಪಾಯ ಹೊಸದಲ್ಲ. ತೋಪ್ಪಿಲ್ ಭಾಸಿಯವರ ಪ್ರಸಿದ್ಧ ಮಲಯಾಳಂ ನಾಟಕಕ್ಕೆ ಉತ್ತರವಾಗಿ ಸಿವಿಕ್ ಚಂದ್ರನ್ ಅವರು ಅದರದೇ ಪಾತ್ರ, ಸಂಭಾಷಣೆಗಳನ್ನು ಬಳಸಿ ಪ್ರತಿನಾಟಕವೊಂದನ್ನು ಬರೆದಾಗ ಮೂಲದ ಹಕ್ಕುದಾರರು ತಡೆಯಾಜ್ಞೆ ಕೋರಿದರು. ೧೯೯೬ರಲ್ಲಿ ಕೇರಳದ ಉಚ್ಚ ನ್ಯಾಯಾಲಯ ವಿಮರ್ಶೆಯ ಉದ್ದೇಶದ ಈ ಬಳಕೆಯನ್ನು ಪ್ರಾಮಾಣಿಕ ಬಳಕೆಯೆಂದು ಕಂಡಿತು. ಎಷ್ಟು ತೆಗೆದುಕೊಂಡಿದೆ, ಯಾವ ಉದ್ದೇಶಕ್ಕೆ, ಎರಡು ಕೃತಿಗಳ ನಡುವೆ ಪೈಪೋಟಿಯ ಸಂಭವವಿದೆಯೇ ಎಂಬ ಮೂರು ಒರೆಗಲ್ಲುಗಳು ಆ ತೀರ್ಪಿನ ಕೊಡುಗೆ.

ಪ್ರಾಮಾಣಿಕ ಬಳಕೆಯ ಈ ನಿಯಮ ೨೦೧೨ರವರೆಗೆ ಸಾಹಿತ್ಯ, ನಾಟಕ, ಸಂಗೀತ ಮತ್ತು ಕಲಾಕೃತಿಗಳಿಗೆ ಮಾತ್ರ ಸೀಮಿತವಾಗಿತ್ತು. ತಿದ್ದುಪಡಿಯ ಅನಂತರ ಅದು ಗಣಕಕ್ರಮವಿಧಿಯೊಂದನ್ನುಳಿದು ಎಲ್ಲ ಕೃತಿಗಳಿಗೂ, ಅಂದರೆ ಚಲನಚಿತ್ರ ಮತ್ತು ಧ್ವನಿಮುದ್ರಿಕೆಗಳಿಗೂ ಅನ್ವಯಿಸುತ್ತದೆ. ಖಾಸಗಿ ಬಳಕೆ ಮತ್ತು ಸಂಶೋಧನೆ, ವಿಮರ್ಶೆ, ಪ್ರಚಲಿತ ಘಟನೆಗಳ ವರದಿ ಎಂಬ ಮೂರು ಉದ್ದೇಶಗಳಿಗೆ ಇದು ಉಂಟು. ಇಷ್ಟು ಸಾಲು, ಇಷ್ಟು ಸೆಕೆಂಡು ಬಳಸಬಹುದೆಂಬ ಲೆಕ್ಕ ಕಾನೂನಿನಲ್ಲಿ ಎಲ್ಲಿಯೂ ಇಲ್ಲ. ಉದ್ದೇಶ ಮತ್ತು ಪ್ರಮಾಣಗಳನ್ನು ಒಟ್ಟಿಗೆ ತೂಗಬೇಕು.

ತೂಗುವವರು ಯಾರು ಎಂಬುದೇ ಅಂಕೀಯ ಯುಗದ ಸಮಸ್ಯೆ. ಕಾನೂನಿನಲ್ಲಿ ಅದು ನ್ಯಾಯಾಧೀಶ; ವ್ಯವಹಾರದಲ್ಲಿ ಅದು ಯೂಟ್ಯೂಬಿನಂತಹ ಬೃಹತ್ ವೇದಿಕೆ. ನಮ್ಮ ಕಾನೂನಿನ ಪ್ರಕಾರ ಹಕ್ಕುದಾರನ ಲಿಖಿತ ದೂರು ಬಂದಾಗ ವೇದಿಕೆಯು ೩೬ ಗಂಟೆಗಳೊಳಗೆ ಕ್ರಮ ಕೈಗೊಂಡು, ೨೧ ದಿನ ಆ ವಸ್ತುವನ್ನು ತಡೆಹಿಡಿಯಬೇಕು. ಅಷ್ಟರಲ್ಲಿ ದೂರುದಾರ ನ್ಯಾಯಾಲಯದ ಆಜ್ಞೆ ತರದಿದ್ದರೆ ಮತ್ತೆ ತೆರೆಯಬಹುದು. ಇಲ್ಲಿ ಕೊನೆಗೆ ನ್ಯಾಯಾಲಯಕ್ಕೆ ಹೋಗಬೇಕಾದ ಹೊರೆ ದೂರುದಾರನದು. ಯೂಟ್ಯೂಬಿನ ಪದ್ಧತಿಯಾದರೋ ಅಮೆರಿಕದ ೧೯೯೮ರ ಕಾನೂನನ್ನು ಆಧರಿಸಿದ್ದು. ತೊಂಬತ್ತು ದಿನಗಳೊಳಗೆ ಮೂರು ‘ಸ್ಟ್ರೈಕ್’ ಬಿದ್ದರೆ ವಾಹಿನಿಯೇ ಅಳಿಸಿಹೋಗಬಹುದು. ವರ್ಷಾನುಗಟ್ಟಲೆ ದುಡಿದು ಕಟ್ಟಿದ ವಾಹಿನಿಯನ್ನು ಕಳೆದುಕೊಳ್ಳುವ ಭಯದ ಮುಂದೆ ತನ್ನದು ಪ್ರಾಮಾಣಿಕ ಬಳಕೆಯೆಂದು ವಾದಿಸುವ ಧೈರ್ಯ ಎಷ್ಟು ಜನರಿಗೆ ಉಳಿದೀತು? ೨೦೨೫ರ ಮೇ ತಿಂಗಳಲ್ಲಿ ಎ.ಎನ್.ಐ. ಸುದ್ದಿಸಂಸ್ಥೆಯ ಸ್ಟ್ರೈಕುಗಳ ವಿಷಯದಲ್ಲಿ ಎದ್ದ ರಾಷ್ಟ್ರವ್ಯಾಪಿ ವಿವಾದದ ತಿರುಳು ಇದೇ. ಕೆಲವೇ ಸೆಕೆಂಡುಗಳ ದೃಶ್ಯಕ್ಕಾಗಿ ಭಾರಿ ಮೊತ್ತದ ಪರವಾನಗಿ ಶುಲ್ಕ ಕೇಳಲಾಯಿತೆಂದು ಸ್ವತಂತ್ರ ದೃಶ್ಯಕಾರರು ದೂರಿದರು. ತನ್ನ ಸ್ವತ್ತನ್ನು ಕಾನೂನಿನಂತೆ ರಕ್ಷಿಸಿಕೊಳ್ಳುತ್ತಿರುವುದಾಗಿ ಸಂಸ್ಥೆ ಹೇಳಿತು. ಎರಡು ಮಾತುಗಳಲ್ಲಿ ಯಾವುದು ಸರಿ ಎಂಬುದಕ್ಕಿಂತ, ನ್ಯಾಯಾಲಯದ ವಿಚಾರಣೆಗೆ ಮೊದಲೇ ಶಿಕ್ಷೆ ಸಿದ್ಧವಾಗಿರುವ ವ್ಯವಸ್ಥೆ ಚಿಂತನೀಯ.

ನ್ಯಾಯಾಲಯಗಳೂ ಒಮ್ಮೊಮ್ಮೆ ಅಳತೆ ಮೀರುವುದುಂಟು. ೨೦೨೨ರ ನವೆಂಬರಿನಲ್ಲಿ ‘ಕೆ.ಜಿ.ಎಫ್. ೨’ ಚಿತ್ರದ ಸಂಗೀತವನ್ನು ರಾಜಕೀಯ ಯಾತ್ರೆಯ ಪ್ರಚಾರ ದೃಶ್ಯದಲ್ಲಿ ಬಳಸಲಾಗಿದೆಯೆಂದು ಬೆಂಗಳೂರಿನ ಎಂ.ಆರ್.ಟಿ. ಮ್ಯೂಸಿಕ್ ದಾವೆ ಹೂಡಿತು. ನಗರದ ವಾಣಿಜ್ಯ ನ್ಯಾಯಾಲಯ ಆ ದೃಶ್ಯಗಳನ್ನು ಮಾತ್ರವಲ್ಲ, ಪಕ್ಷದ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಡೆಹಿಡಿಯುವಂತೆ ಆದೇಶಿಸಿತು. ಮರುದಿನವೇ ಕರ್ನಾಟಕದ ಉಚ್ಚ ನ್ಯಾಯಾಲಯ, ವಿವಾದಿತ ದೃಶ್ಯಗಳನ್ನು ತೆಗೆಯಬೇಕೆಂಬ ಷರತ್ತಿನೊಡನೆ, ಆ ಆದೇಶವನ್ನು ರದ್ದುಪಡಿಸಿತು. ಉಲ್ಲಂಘನೆ ನಡೆದಿರಲಿ ಬಿಡಲಿ, ಒಂದು ಹಾಡಿಗಾಗಿ ಇಡೀ ಬಾಯಿಯನ್ನು ಕಟ್ಟಬಾರದೆಂಬ ವಿವೇಕ ಇಲ್ಲಿದೆ. ರಾಷ್ಟ್ರೀಯ ಪಕ್ಷವೊಂದಕ್ಕೆ ಒಂದೇ ದಿನದಲ್ಲಿ ಉಚ್ಚ ನ್ಯಾಯಾಲಯದ ಬಾಗಿಲು ತಲುಪುವ ಸಾಮರ್ಥ್ಯವಿತ್ತು. ತಾಲ್ಲೂಕು ಕೇಂದ್ರದಿಂದ ಸುದ್ದಿವಾಹಿನಿ ನಡೆಸುವವನಿಗೆ ಅದು ಇರಲಾರದು.

೬. ಉಳಿಸುವ ಹೊಣೆ

ಇದುವರೆಗೆ ಹೇಳಿದ್ದು ಮಾತನಾಡುವ ಸ್ವಾತಂತ್ರ್ಯದ ಪ್ರಶ್ನೆ. ಕನ್ನಡ ವಿಭಾಗಗಳಿಗೆ ಇನ್ನೂ ಹತ್ತಿರವಾದುದು ನೆನಪಿನ ಪ್ರಶ್ನೆ. ಅಗ್ಗದ ಕಾಗದದ ಮೇಲೆ ಅಚ್ಚಾದ ನಮ್ಮ ಸಣ್ಣ ಪತ್ರಿಕೆಗಳು ಕಪಾಟಿನಲ್ಲೇ ಪುಡಿಯಾಗುತ್ತಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನೆಲೆಗೊಂಡಿದ್ದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆ ಈ ಶತಮಾನದ ಆರಂಭದ ವರ್ಷಗಳಲ್ಲಿ ಸಾವಿರಾರು ಕನ್ನಡ ಪುಸ್ತಕಗಳನ್ನು ಅಂಕೀಕರಿಸಿತು. ಆದರೆ ಕೃತಿಸ್ವಾಮ್ಯದ ತೊಡಕುಗಳಿಗೆ ಸಿಕ್ಕಿ ಆ ತಾಣ ಮುಚ್ಚಿತು. ಅಲ್ಲಿನ ಬಹಳಷ್ಟು ಪುಸ್ತಕಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಳಿದುಕೊಂಡವು. ಹಳೆಯ ಪುಸ್ತಕ ಅರಸುವ ಕನ್ನಡ ಸಂಶೋಧಕರಲ್ಲಿ ಆ ಸಂಗ್ರಹಕ್ಕೆ ಋಣಿಯಾಗದವರು ವಿರಳ.

ಕಾನೂನು ಇಲ್ಲಿ ಸಂಪೂರ್ಣ ಕುರುಡಲ್ಲ. ವಾಣಿಜ್ಯ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯವು ತನ್ನಲ್ಲಿರುವ ಮುದ್ರಿತ ಕೃತಿಯನ್ನು ಸಂರಕ್ಷಣೆಗಾಗಿ ಅಂಕೀಯ ರೂಪದಲ್ಲಿ ಇರಿಸಿಕೊಳ್ಳಬಹುದೆಂದು ೨೦೧೨ರ ತಿದ್ದುಪಡಿ ಹೇಳುತ್ತದೆ. ಭಾರತದಲ್ಲಿ ಮಾರಾಟಕ್ಕೆ ದೊರೆಯದ ಪುಸ್ತಕದ ಮೂರು ಪ್ರತಿಗಳವರೆಗೆ ಗ್ರಂಥಾಲಯದ ಬಳಕೆಗೆ ಮಾಡಿಕೊಳ್ಳಬಹುದು. ದೃಷ್ಟಿದೋಷವುಳ್ಳವರು ಮೊದಲಾದ ಓದುಗರಿಗಾಗಿ ಸುಲಭಗ್ರಾಹ್ಯ ರೂಪಕ್ಕೆ ತರುವುದಕ್ಕೂ ಅವಕಾಶವಿದೆ. ಬೋಧನೆಯ ಸಂದರ್ಭದಲ್ಲಿ ಪಠ್ಯಭಾಗಗಳನ್ನು ಪ್ರತಿ ಮಾಡುವುದು ಉಲ್ಲಂಘನೆಯಲ್ಲವೆಂದು ದೆಹಲಿಯ ಉಚ್ಚ ನ್ಯಾಯಾಲಯ ೨೦೧೬ರಲ್ಲಿ ರಾಮೇಶ್ವರಿ ಛಾಯಾಪ್ರತಿ ಅಂಗಡಿಯ ಪ್ರಕರಣದಲ್ಲಿ ಎತ್ತಿಹಿಡಿದದ್ದು ವಿದ್ಯಾರ್ಥಿಲೋಕಕ್ಕೆ ದೊರೆತ ದೊಡ್ಡ ಆಸರೆ. ಆದರೆ ಸಂರಕ್ಷಿಸುವುದು ಬೇರೆ, ಜಾಲದಲ್ಲಿ ಎಲ್ಲರಿಗೂ ತೆರೆದಿಡುವುದು ಬೇರೆ. ಎರಡನೆಯದಕ್ಕೆ ಅನುಮತಿ ಬೇಕೇ ಬೇಕು.

ಒಡೆಯನೇ ಪತ್ತೆಯಾಗದ ‘ಅನಾಥ ಕೃತಿ’ಗಳಿಗಾಗಿ ೩೧-ಎ ಪ್ರಕರಣ ಕಡ್ಡಾಯ ಪರವಾನಗಿಯ ದಾರಿಯನ್ನು ತೋರಿಸುತ್ತದೆ. ಆದರೆ ಅರ್ಜಿ ಸಲ್ಲಿಸುವ ಮುನ್ನ ದೇಶದ ಬಹುಭಾಗದಲ್ಲಿ ಪ್ರಸಾರವುಳ್ಳ ಇಂಗ್ಲಿಷ್ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಧಾರವಾಡದಲ್ಲೋ ಶಿವಮೊಗ್ಗದಲ್ಲೋ ಅಚ್ಚಾದ ಒಂದು ಕನ್ನಡ ಮಾಸಪತ್ರಿಕೆಯ ಲೇಖಕನ ವಾರಸುದಾರರನ್ನು ಇಂಗ್ಲಿಷ್ ದಿನಪತ್ರಿಕೆಯ ಮೂಲಕ ಹುಡುಕುವ ಈ ವಿಧಾನ ದೇಶಭಾಷೆಗಳ ವಾಸ್ತವವನ್ನು ಅರಿತು ರೂಪಿಸಿದ್ದೆಂದು ಹೇಳಲಾಗದು. ಪತ್ರಿಕೆಯೊಂದರ ನೂರು ಸಂಚಿಕೆಗಳಿಗೆ ಈ ಕ್ರಮವನ್ನು ಅನುಸರಿಸುವುದು ಯಾವ ವಿಭಾಗಕ್ಕೂ ಸಾಧ್ಯವಿಲ್ಲ. ಕನ್ನಡದಲ್ಲಿ ಪ್ರಕಟಣೆಗೆ ಅವಕಾಶ, ನಿಯತಕಾಲಿಕೆಗಳಿಗೆ ಒಟ್ಟಾರೆ ಪರವಾನಗಿ ಎಂಬ ಎರಡು ತಿದ್ದುಪಡಿಗಳು ಬಂದರೆ ದೇಶಭಾಷೆಗಳೆಲ್ಲಕ್ಕೂ ಉಪಕಾರವಾದೀತು.

೭. ತೆರೆದ ಬಾಗಿಲು

ಕಾನೂನು ಬದಲಾಗುವವರೆಗೆ ಕಾಯದೆ ಒಡೆಯರೇ ಬಾಗಿಲು ತೆರೆಯಬಹುದೆಂಬುದಕ್ಕೆ ಕನ್ನಡದಲ್ಲಿ ೨೦೧೪ರ ಎರಡು ನಿದರ್ಶನಗಳಿವೆ. ಮೈಸೂರು ವಿಶ್ವವಿದ್ಯಾನಿಲಯ ತನ್ನ ‘ಕನ್ನಡ ವಿಶ್ವಕೋಶ’ದ ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿತು. ಅದೇ ವರ್ಷ ನಿರಂಜನರ ಐವತ್ತಕ್ಕೂ ಹೆಚ್ಚು ಕೃತಿಗಳನ್ನು ಅವರ ಪುತ್ರಿ, ವಿದ್ವಾಂಸರಾದ ತೇಜಸ್ವಿನಿ ನಿರಂಜನ ಅವರು ಅಂಥದೇ ಪರವಾನಗಿಯಲ್ಲಿ ಸಮಾಜಕ್ಕೆ ಒಪ್ಪಿಸಿದರು. ಮೂಲವನ್ನು ಹೆಸರಿಸಬೇಕು, ಅದರಿಂದ ರೂಪಿಸಿದ್ದನ್ನು ಅದೇ ಷರತ್ತಿನಲ್ಲಿ ಹಂಚಬೇಕು ಎಂಬುವೇ ಇಂತಹ ಪರವಾನಗಿಯ ಮುಖ್ಯ ನಿಬಂಧನೆಗಳು. ಇಲ್ಲಿ ಸ್ವಾಮ್ಯವನ್ನು ತೊರೆಯುವುದಿಲ್ಲ. ಸ್ವಾಮ್ಯದ ಬಲದಿಂದಲೇ ಹಂಚುವಿಕೆಯನ್ನು ಕಡ್ಡಾಯಗೊಳಿಸಲಾಗುತ್ತದೆ.

ನಿರಂಜನರು ನಿಧನರಾದದ್ದು ೧೯೯೧ರಲ್ಲಿ. ಈ ನಿರ್ಧಾರವಿಲ್ಲದಿದ್ದರೆ ಅವರ ಕೃತಿಗಳು ೨೦೫೧ರ ಕೊನೆಯವರೆಗೆ ಮುಚ್ಚಿರುತ್ತಿದ್ದವು. ಕಾಸರಗೋಡು ಸೀಮೆಯ ಕಯ್ಯೂರಿನ ರೈತಹೋರಾಟವನ್ನು ವಸ್ತುವಾಗಿಸಿದ ‘ಚಿರಸ್ಮರಣೆ’ಯ ಲೇಖಕರು, ‘ಜ್ಞಾನಗಂಗೋತ್ರಿ’ಯ ಮೂಲಕ ಕಿರಿಯರಿಗೆ ವಿಶ್ವಕೋಶ ಕಟ್ಟಿಕೊಟ್ಟ ಸಂಪಾದಕರು, ಪತ್ರಕರ್ತರಾಗಿ ಬದುಕಿದವರು ಅವರು. ಅವರ ಬರಹ ಮೂವತ್ತೇಳು ವರ್ಷ ಮುಂಚಿತವಾಗಿ ಸಾಮಾನ್ಯ ಓದುಗನ ಕೈಸೇರಿದ್ದು ಅವರ ಜೀವನದೃಷ್ಟಿಗೆ ಸಲ್ಲಿಸಿದ ಗೌರವವೂ ಹೌದು. ಹಾಗೆಂದು ಇದನ್ನು ಎಲ್ಲ ಲೇಖಕರ ಮೇಲೂ ಹೇರಲಾಗದು. ಬರಹವೇ ಜೀವನೋಪಾಯವಾದವರಿಗೆ ಸ್ವಾಮ್ಯ ಅನ್ನದ ಪ್ರಶ್ನೆ. ಸಣ್ಣ ಜಾಲಪತ್ರಿಕೆ ಶ್ರಮಪಟ್ಟು ಹೊರತಂದ ವರದಿಯನ್ನು ದೊಡ್ಡ ಸಂಸ್ಥೆ ಹೆಸರೂ ಹೇಳದೆ ಎತ್ತಿಕೊಂಡಾಗ ಆ ಪತ್ರಿಕೆಗಿರುವ ಅಸ್ತ್ರವೂ ಇದೇ ಕಾನೂನು. ಬರಹಗಳನ್ನು ರಾಶಿರಾಶಿಯಾಗಿ ನುಂಗಿ ತರಬೇತಾಗುವ ಕೃತಕ ಬುದ್ಧಿಮತ್ತೆಯ ವಿಷಯದಲ್ಲಿ ೨೦೨೪ರ ನವೆಂಬರಿನಲ್ಲಿ ದೆಹಲಿಯ ಉಚ್ಚ ನ್ಯಾಯಾಲಯದ ಮುಂದೆ ಬಂದ ಎ.ಎನ್.ಐ. ಮತ್ತು ಓಪನ್ಎಐ ವ್ಯಾಜ್ಯ ಈ ಪ್ರಶ್ನೆಗೆ ಹೊಸ ಮುಖವನ್ನೇ ಕೊಟ್ಟಿದೆ.

೮. ಉಪಸಂಹಾರ

ಒಟ್ಟಿನಲ್ಲಿ ಹೇಳುವುದಾದರೆ, ಕೃತಿಸ್ವಾಮ್ಯವು ಲೇಖಕನಿಗೂ ಸಮಾಜಕ್ಕೂ ನಡುವಣ ಒಂದು ಕರಾರು. ಕೆಲವು ಕಾಲ ಲೇಖಕನಿಗೆ ಫಲ, ಅನಂತರ ಎಲ್ಲರಿಗೂ ಬೀಜ ಎಂಬುದು ಅದರ ತಿರುಳು. ಕಾರಂತರ ಪ್ರಕರಣ ಆ ಕರಾರಿನ ಎರಡು ಪಕ್ಷಗಳನ್ನೂ ಗೌರವಿಸಿತು. ಅಂಕೀಯ ವೇದಿಕೆಗಳ ಪದ್ಧತಿ ಒಂದು ಪಕ್ಷವನ್ನು ಮಾತ್ರ ಕಾಣುತ್ತಿದೆ.

ಕನ್ನಡ ವಿಭಾಗಗಳು ಇಲ್ಲಿ ಮಾಡಬಹುದಾದ ಕೆಲಸ ಸಣ್ಣದು, ಆದರೆ ತಮ್ಮ ಕೈಯಲ್ಲೇ ಇರುವುದು. ಸಂಸ್ಮರಣ ಸಂಪುಟವೊಂದರಲ್ಲಿ ಸಂಕಲನದ ಸ್ವಾಮ್ಯ ಒಂದು, ಪ್ರತಿ ಲೇಖನದ ಸ್ವಾಮ್ಯ ಇನ್ನೊಂದು. ಲೇಖಕರು ಬರೆದುಕೊಡದಿದ್ದರೆ ಎರಡನೆಯದು ಅವರಲ್ಲೇ ಉಳಿದು, ಅವರ ಕಾಲಾನಂತರ ಅರುವತ್ತು ವರ್ಷ ಸಂಪುಟವನ್ನು ಜಾಲಕ್ಕೆ ತರಲಾಗದಂತೆ ತಡೆಯುತ್ತದೆ. ಲೇಖನದೊಡನೆಯೇ ಒಂದು ಪುಟದ ಒಪ್ಪಿಗೆಪತ್ರ ಪಡೆದು, ಮುದ್ರಣ ಮತ್ತು ಅಂಕೀಯ ಪ್ರಕಟಣೆಗಳೆರಡನ್ನೂ, ಅವಧಿಯನ್ನೂ ಅದರಲ್ಲಿ ಸ್ಪಷ್ಟವಾಗಿ ನಮೂದಿಸಿ ವಿಭಾಗದ ಕಡತದಲ್ಲಿ ಇರಿಸಿದರೆ ಮುಂದಿನ ತಲೆಮಾರಿನ ಸಂಶೋಧಕನ ದಾರಿ ಸುಗಮವಾಗುತ್ತದೆ. ಹಳೆಯ ಸಂಪುಟಗಳ ಲೇಖಕರಲ್ಲಿ ನಮ್ಮೊಡನಿರುವ ಹಿರಿಯರಿಂದ ಈಗಲೇ ಅನುಮತಿ ಪಡೆಯುವುದು ಇನ್ನೂ ತುರ್ತಿನ ಕೆಲಸ. ಹಿಂದಿನ ಲಿಪಿಕಾರರು ಗರಿಯಿಂದ ಗರಿಗೆ ಪ್ರತಿ ಮಾಡಿ ಕಾವ್ಯಗಳನ್ನು ನಮ್ಮವರೆಗೆ ತಲುಪಿಸಿದರು. ಅವರಿಗೆ ಬೇಕಾಗಿದ್ದುದು ಕಂಠ ಮತ್ತು ಸಹನೆ. ನಮಗೆ ಅವುಗಳ ಜೊತೆಗೆ ಒಂದು ಸಹಿಯೂ ಬೇಕು.